ದತ್ತಾಂಶ ಕೇಂದ್ರಕ್ಕೊಂದು ಡಿಜಿಟಲ್ ಅವಳಿ: ವೆಚ್ಚಕ್ಕೆ ತಕ್ಕ ಲಾಭವಿದೆಯೇ?

ಲೆಕ್ಕಪತ್ರ, ಜಿಎಸ್‌ಟಿ ವಿವರ, ದಾಸ್ತಾನು ಪಟ್ಟಿ ಎಲ್ಲವೂ ಇಂದು ಸರ್ವರುಗಳನ್ನು ಸೇರಿವೆ. ಕಂಪನಿಗಳು ವಿದ್ಯುನ್ಮಾನ ರೂಪದಲ್ಲಿಟ್ಟ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಕಾಯ್ದಿರಿಸಬೇಕೆಂದು 2022ರ ನಿಯಮ ತಿದ್ದುಪಡಿ ವಿಧಿಸಿದೆ. ಆದ್ದರಿಂದ ದತ್ತಾಂಶ ಕೇಂದ್ರದ ನಿರ್ವಹಣೆಯು ವರ್ತಕರಿಗೂ ಸಂಬಂಧಿಸಿದ ವಿಷಯ. ಅಲ್ಲಿನ ವೆಚ್ಚವು ಕೊನೆಗೆ ಬಾಡಿಗೆಯ ರೂಪದಲ್ಲಿ ಗ್ರಾಹಕನನ್ನೇ ತಲುಪುತ್ತದೆ.

ಸರ್ವರು ಬಳಸುವ ವಿದ್ಯುತ್ತು ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತು ಬೇಕು. ಕೇಂದ್ರದ ಒಟ್ಟು ಬಳಕೆಯನ್ನು ಗಣಕ ಉಪಕರಣಗಳ ಬಳಕೆಯಿಂದ ಭಾಗಿಸಿದಾಗ ಬರುವ ಅನುಪಾತವೇ ಪಿಯುಇ. ಅದು 1ಕ್ಕೆ ಸಮೀಪಿಸಿದಷ್ಟೂ ಮಿತವ್ಯಯ.

ಕೇಂದ್ರದ ರ್‍ಯಾಕುಗಳು, ಗಾಳಿಯ ಹರಿವು, ವಿದ್ಯುತ್ ಜಾಲ ಇವುಗಳನ್ನು ಗಣಕದಲ್ಲಿ ಯಥಾವತ್ತಾಗಿ ರೂಪಿಸಿದ ಮಾದರಿಗೆ ಡಿಜಿಟಲ್ ಅವಳಿ ಎಂದು ಹೆಸರು. ಹೊಸ ಸರ್ವರನ್ನು ಎಲ್ಲಿಟ್ಟರೆ ಶಾಖ ಹೆಚ್ಚೀತು, ಶೀತಲೀಕರಣ ಯಂತ್ರವೊಂದು ಕೆಟ್ಟರೆ ಎಷ್ಟು ಹೊತ್ತು ತಡೆದೀತು ಎಂಬುದನ್ನು ಮೊದಲು ಈ ಮಾದರಿಯಲ್ಲಿಯೇ ಪರೀಕ್ಷಿಸಬಹುದು. ವರ್ಚುವಲ್ ರಿಯಾಲಿಟಿ ಸಾಧನವನ್ನು ಕಣ್ಣಿಗೆ ಧರಿಸಿದ ಸಿಬ್ಬಂದಿಯು ಮಾದರಿಯೊಳಗೆ ನಡೆದಾಡಿ, ನಿಜವಾದ ಯಂತ್ರಗಳಿಗೆ ಅಪಾಯವಾಗದಂತೆ ತುರ್ತು ಕ್ರಮಗಳ ತರಬೇತಿ ಪಡೆಯಬಹುದು. 2022ರಲ್ಲಿ ಅಮೆರಿಕದ ಕೇಡೆನ್ಸ್ ಸಂಸ್ಥೆಯು ಇಂತಹ ತಂತ್ರಾಂಶ ತಯಾರಿಸುತ್ತಿದ್ದ ಬ್ರಿಟನ್ನಿನ ಫ್ಯೂಚರ್ ಫೆಸಿಲಿಟೀಸ್ ಸಂಸ್ಥೆಯನ್ನು ಖರೀದಿಸಿತು.

ಲಾಭವನ್ನು ಒಂದು ಉದಾಹರಣೆಯಿಂದ ಅಳೆಯಬಹುದು. 1,000 ಕಿಲೋವ್ಯಾಟ್ ಗಣಕ ಉಪಕರಣಗಳು ವರ್ಷವಿಡೀ ನಡೆದರೆ 87,60,000 ಯೂನಿಟ್ ಬೇಕು. ಪಿಯುಇ 1.8ರಿಂದ 1.6ಕ್ಕೆ ಇಳಿದರೆ ಉಳಿತಾಯ 17,52,000 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯೆಂದರೆ 1 ಕೋಟಿ 40 ಲಕ್ಷ ರೂಪಾಯಿಗೂ ಮೀರುತ್ತದೆ. ಕಾರ್ಖಾನೆಯ 10 ಕಿಲೋವ್ಯಾಟ್ ಸರ್ವರ್ ಕೊಠಡಿಯಲ್ಲಾದರೋ ಇದೇ ಸುಧಾರಣೆಯ ಫಲ ಸುಮಾರು 1 ಲಕ್ಷ 40 ಸಾವಿರ ರೂಪಾಯಿ ಮಾತ್ರ. ತಂತ್ರಾಂಶ, ಸಂವೇದಕ, ತಜ್ಞರ ಶುಲ್ಕ ಇವುಗಳನ್ನು ಈ ಮೊತ್ತದಿಂದ ಭರಿಸುವುದು ಕಷ್ಟ. ಅಂತಹ ಕೊಠಡಿಗೆ ರ್‍ಯಾಕಿನ ಖಾಲಿ ಜಾಗಗಳನ್ನು ಮುಚ್ಚುವುದು, ಬಿಸಿ ಮತ್ತು ತಂಪು ಗಾಳಿ ಬೆರೆಯದಂತೆ ನೋಡಿಕೊಳ್ಳುವುದೇ ಮೊದಲ ಮದ್ದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ದಾಸ್ತಾನು ಪುಸ್ತಕವು ಗೋದಾಮಿನ ಸರಕಿನೊಂದಿಗೆ ತಾಳೆಯಾಗದಿದ್ದರೆ ಹೇಗೆ ನಿರರ್ಥಕವೋ, ಯಂತ್ರ ಬದಲಾದಾಗ ತಿದ್ದದ ಮಾದರಿಯೂ ಹಾಗೆಯೇ. ಅದನ್ನು ನಿಯತವಾಗಿ ತಾಳೆ ನೋಡುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಣ್ಣ ಉದ್ಯಮಿಯು ಈ ತಂತ್ರಜ್ಞಾನವನ್ನು ಕೊಳ್ಳಬೇಕಾಗಿಲ್ಲ. ಅದರ ಫಲವನ್ನು ಕೇಳಿ ಪಡೆಯಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಕಳೆದ 12 ತಿಂಗಳ ಪಿಯುಇ ಎಷ್ಟು, ಶೀತಲೀಕರಣ ವೈಫಲ್ಯದ ಪರೀಕ್ಷೆ ಯಾವಾಗ ನಡೆಯಿತು, ಸೇವೆ ಸ್ಥಗಿತಗೊಂಡರೆ ಪರಿಹಾರವೇನು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಹಿತಕರ.