ಶುಶ್ರೂಷೆಯ ಓದು, ಸಾಲದ ಲೆಕ್ಕ

ಕೆಲವು ದಿನಗಳ ಹಿಂದೆ, ಒಂದು ಸಂಜೆ, ನಮ್ಮ ಮನೆಯ ಜಗಲಿಗೆ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪಿ.ಯು.ಸಿ. ತೇರ್ಗಡೆಯಾದವಳು, ನರ್ಸಿಂಗ್ ಓದಬೇಕೆಂಬ ಆಸೆ. ಅವರ ಕೈಯಲ್ಲಿ ಖಾಸಗಿ ಕಾಲೇಜೊಂದರ ಬಣ್ಣದ ಪುಸ್ತಿಕೆಯಿತ್ತು. “ರಾಯರೇ, ತಾವು ಬ್ಯಾಂಕಿನಲ್ಲಿ ಇದ್ದವರು. ಸಾಲ ಸಿಗುತ್ತದೆಯೇ?” ಎಂದು ಕೇಳಿದರು. ಸಿಗುತ್ತದೆ ಎಂದೆ. ಅವರು ಕೇಳದಿದ್ದ ಇನ್ನೊಂದು ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿಯಿತು: ತೀರುತ್ತದೆಯೇ?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ನಾನು ಅಧಿಕಾರದಲ್ಲಿದ್ದಾಗ ಇಂಥದೇ ಒಬ್ಬ ಹುಡುಗಿಯ ಅರ್ಜಿಗೆ ಸಂತೋಷದಿಂದ ಸಹಿ ಹಾಕಿದ್ದೆ. ಓದು ಮುಗಿದು ಕೆಲಸವೂ ಸಿಕ್ಕಿತು. ಆದರೆ ಸಂಬಳದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತಿತ್ತು. ಕೊನೆಗೆ ಅವಳ ತಾಯಿ ಬಳೆ ಮಾರಿ ಬಾಕಿ ಕಟ್ಟಲು ಬಂದರು. ಆ ರಸೀದಿಯನ್ನು ಬರೆದ ಕೈಯೂ ನನ್ನದೇ. ನಿಯಮದ ಪ್ರಕಾರ ನನ್ನದೇನೂ ತಪ್ಪಿರಲಿಲ್ಲ. ಲೆಕ್ಕವನ್ನು ಮೊದಲೇ ಹೇಳಲಿಲ್ಲವೆಂಬುದಷ್ಟೇ ತಪ್ಪು.

1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯನ್ನು ತೆರೆದಾಗ, ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಉಡುಪಿನ ಜೊತೆಗೆ ವರ್ಷಕ್ಕೆ 10 ಪೌಂಡ್ ಕೈಗೂ ಕೊಡುತ್ತಿದ್ದರು. ಕಲಿಯುವವರ ದುಡಿಮೆಯೇ ಶುಲ್ಕವಾಗಿದ್ದ ಕಾಲವದು. ಇಂದು ವಾರ್ಡಿನಲ್ಲಿ ದುಡಿಯುವುದೂ ಉಂಟು, ಶುಲ್ಕ ತೆರುವುದೂ ಉಂಟು.

ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ, ಇನ್ನೊಂದು, ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್. ಡಿಪ್ಲೊಮಾ ಪಡೆದವರು ಮುಂದೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಪದವಿಯನ್ನು ಗಳಿಸಬಹುದು. ಆದ್ದರಿಂದ ಮೊದಲ ದಾರಿ ಮುಚ್ಚಿದ ದಾರಿಯಲ್ಲ.

ಈಗ ಲೆಕ್ಕ. ನಾಲ್ಕು ವರ್ಷದ ಪದವಿಗೆ ವರ್ಷಕ್ಕೆ 1.5 ಲಕ್ಷದಂತೆ 6 ಲಕ್ಷ ರೂಪಾಯಿ ಸಾಲವೆಂದೂ, ಬಡ್ಡಿ ನೂರಕ್ಕೆ 10 ಎಂದೂ ಭಾವಿಸೋಣ. ಇವು ಉದಾಹರಣೆಯ ಅಂಕಿಗಳು. ಸಾಮಾನ್ಯವಾಗಿ ಓದುವ ಕಾಲ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಕಂತು ಮಲಗಿದ್ದರೂ ಬಡ್ಡಿ ಎಚ್ಚರವಾಗಿರುತ್ತದೆ. ಸರಳಬಡ್ಡಿಯಂತೆಯೇ ಎಣಿಸಿದರೂ ಐದು ವರ್ಷಗಳಲ್ಲಿ 2,10,000 ರೂಪಾಯಿ ಸೇರಿ, ಸಾಲ 8,10,000 ಆಗಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700. ಮೊದಲ ಸಂಬಳ 18,000 ಎಂದಾದರೆ ಉಳಿಯುವುದು 7,300. ಪಟ್ಟಣದಲ್ಲಿ ಕೋಣೆಯ ಬಾಡಿಗೆ, ಊಟ, ಬಸ್ಸು ಎಲ್ಲವೂ ಅದರಲ್ಲೇ ಆಗಬೇಕು. ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೆ ಕಂತು 8,700ಕ್ಕೆ ಇಳಿಯುತ್ತದೆ. ಆದರೆ ಕಟ್ಟುವ ಒಟ್ಟು ಹಣ ಸುಮಾರು 12.8 ಲಕ್ಷದಿಂದ 15.7 ಲಕ್ಷಕ್ಕೆ ಏರುತ್ತದೆ.

ಇನ್ನು ಡಿಪ್ಲೊಮಾಕ್ಕೆ ವರ್ಷಕ್ಕೆ 40,000ದಂತೆ 1.2 ಲಕ್ಷ ಸಾಲವೆಂದುಕೊಳ್ಳಿ. ಕಂತು ಆರಂಭವಾಗುವಾಗ ಅದು 1,56,000 ಆಗಿರುತ್ತದೆ. ಐದು ವರ್ಷಗಳ ಕಂತು ಸುಮಾರು 3,300. ಸಂಬಳ 15,000 ಮಾತ್ರವೇ ಆದರೂ ಕೈಯಲ್ಲಿ 11,700 ಉಳಿಯುತ್ತದೆ. ದುಡಿಮೆಯೂ ಒಂದು ವರ್ಷ ಮೊದಲೇ ಆರಂಭ.

ಹಾಗೆಂದು ಪದವಿ ಬೇಡವೆನ್ನುತ್ತಿಲ್ಲ. ಬೋಧನೆಗೆ, ಮೇಲಿನ ಓದಿಗೆ ಪದವಿ ನೇರವಾದ ಮೆಟ್ಟಿಲು. ಪದವಿಯ ಬೆಲೆ ಎಷ್ಟು, ಕಾಲೇಜಿನ ಬೆಲೆ ಎಷ್ಟು ಎಂಬುದನ್ನು ಬೇರೆ ಬೇರೆ ತೂಗಬೇಕೆನ್ನುತ್ತೇನೆ. ಅದೇ ಪದವಿ ಸರ್ಕಾರಿ ಸೀಟಿನಲ್ಲಿ ದೊರೆತರೆ ತಕ್ಕಡಿಯೇ ಬೇರೆ.

ಗಳಿಕೆಯ ಕಡೆಯನ್ನೂ ನೋಡೋಣ. 2016ರ ವೇತನ ಪರಿಷ್ಕರಣೆ ಕೇಂದ್ರ ಸರ್ಕಾರದ ಆಸ್ಪತ್ರೆಗಳ ಶುಶ್ರೂಷಾ ಅಧಿಕಾರಿಗೆ 44,900 ರೂಪಾಯಿಗಳ ಆರಂಭಿಕ ಮೂಲವೇತನವನ್ನು ನಿಗದಿಪಡಿಸಿತು. ಏಮ್ಸ್ ಸಂಸ್ಥೆಗಳ ನೇಮಕಾತಿ ಪರೀಕ್ಷೆಗೆ ಪದವೀಧರರಂತೆ, ಎರಡು ವರ್ಷ ಅನುಭವವುಳ್ಳ ಡಿಪ್ಲೊಮಾದವರೂ ಕುಳಿತುಕೊಳ್ಳಬಹುದು. ಖಾಸಗಿ ಆಸ್ಪತ್ರೆಗಳ ಕಥೆ ಬೇರೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000ಕ್ಕೆ ಕಡಿಮೆಯಾಗಬಾರದು, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ವೇತನಕ್ಕೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸಿನಿಂದ ಕಂತು ಕಟ್ಟಲಾಗದು. ಕೈಗೆ ಬರುವ ಸಂಬಳವನ್ನೇ ಲೆಕ್ಕಕ್ಕೆ ಹಿಡಿಯಬೇಕು. ವಿದೇಶದ ಸಂಬಳವನ್ನಂತೂ ಮೊದಲ ವರ್ಷಗಳ ಲೆಕ್ಕದಲ್ಲಿ ಸೇರಿಸಲೇಬಾರದು. ಅನುಭವ, ಭಾಷಾ ಪರೀಕ್ಷೆ, ಅಲ್ಲಿಯ ಪರವಾನಗಿ ಇಷ್ಟನ್ನೂ ದಾಟಬೇಕು; ಕಂತು ಅಲ್ಲಿಯವರೆಗೆ ಕಾಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಇಲ್ಲಿ ಎಣಿಸಬೇಕಾದ ಹಾಸಿಗೆ ಎರಡು: ಮನೆಯದು ಮತ್ತು ಆಸ್ಪತ್ರೆಯದು. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ರೋಗಿಗಳು ನಿಜವಾಗಿ ಬರುತ್ತಾರೆಯೇ, ರಾಜ್ಯ ಶುಶ್ರೂಷಾ ಪರಿಷತ್ತಿನ ಮತ್ತು ಪದವಿಗಾದರೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ಹೋಗಿ ನೋಡಿ ಬರಬೇಕು. ಓದಿನ ಅನಂತರ ಇಂತಿಷ್ಟು ವರ್ಷ ಇಲ್ಲೇ ದುಡಿಯಬೇಕೆಂಬ ಕರಾರು ಇದೆಯೇ, ಮೂಲ ಪ್ರಮಾಣಪತ್ರಗಳನ್ನು ಇರಿಸಿಕೊಳ್ಳುತ್ತಾರೆಯೇ ಎಂದೂ ಕೇಳಬೇಕು. ಪ್ರಮಾಣಪತ್ರ ಬೇರೆಯವರ ಕಪಾಟಿನಲ್ಲಿದ್ದರೆ ಉತ್ತಮ ಕೆಲಸ ಕರೆದರೂ ಹೋಗಲಾಗದು. ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ವಾರ್ಷಿಕ ಆದಾಯ 4.5 ಲಕ್ಷ ಮೀರದ ಕುಟುಂಬಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ಬಡ್ಡಿ ಸಹಾಯಧನ ಯೋಜನೆಯನ್ನು ಆರಂಭಿಸಿತು. ತಾವು ಸೇರುವ ಕಾಲೇಜು ಅದರ ಷರತ್ತಿಗೆ ಒಳಪಟ್ಟರೆ, ನಾನು ಹೇಳಿದ ಆ 2,10,000 ರೂಪಾಯಿ ತಲೆಯ ಮೇಲಿಂದ ಇಳಿಯುತ್ತದೆ.

ಇಷ್ಟನ್ನೂ ಆ ಸಂಜೆ ಹೇಳಿದೆ. ತಂದೆ ಸುಮ್ಮನೆ ಕುಳಿತಿದ್ದರು. ಹುಡುಗಿ ಮಾತ್ರ ಬಣ್ಣದ ಪುಸ್ತಿಕೆಯನ್ನು ತಿರುಗಿಸಿ, ಅದರ ಬೆನ್ನಿಗೆ ಅಂಕಿಗಳನ್ನು ತಾನೇ ಬರೆದುಕೊಂಡಳು. “ಮೊದಲು ಸರ್ಕಾರಿ ಸೀಟಿಗೆ ಅರ್ಜಿ ಹಾಕುತ್ತೇನೆ. ಸಿಗದಿದ್ದರೆ ಈ ಲೆಕ್ಕ ಹಿಡಿದುಕೊಂಡು ಮತ್ತೆ ಬರುತ್ತೇನೆ” ಎಂದಳು. ಬಾಮ್ಮ ಎಂದೆ. ರೋಗಿಯ ನಾಡಿ ಹಿಡಿಯುವ ಕೈ ತನ್ನ ಸಾಲದ ಚೀಟಿ ಹಿಡಿದು ನಡುಗಬಾರದು; ನನ್ನ ಆಸೆ ಅಷ್ಟೇ.