ಜೀಪು ಸಿಗುತ್ತಾ? ಚೌಕ ಬರೆದು ನೋಡಿ

ಶನಿವಾರ ಹಾಸನದಲ್ಲಿ ಕ್ಲಾಸ್ ಮುಗಿಸಿ ಬಸ್ ಹತ್ತಿದರೆ, ಆಲೂರು ದಾಟಿ ಸಕಲೇಶಪುರ ತಲುಪುವುದು ಐದರಿಂದ ಆರರೊಳಗೆ ಯಾವಾಗ ಬೇಕಾದರೂ ಆಗಬಹುದು. ನಮ್ಮೂರ ಕಡೆಯ ತೋಟದ ಜೀಪು ಪೇಟೆಗೆ ಬರುವುದೂ ಅದೇ ಒಂದು ಗಂಟೆಯೊಳಗೆ. ಬಂದರೆ ಕಾಲು ಗಂಟೆ ನಿಲ್ಲುತ್ತದೆ, ಅಷ್ಟೆ. ತಪ್ಪಿದರೆ ಕತ್ತಲಲ್ಲಿ ಐದು ಕಿಲೋಮೀಟರ್ ಏರುದಾರಿ, ಜತೆಗೆ ಆನೆ ಭಯ. ಫೋನ್ ಮಾಡೋಣವೆಂದರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲ.

ಪ್ಲೇಸ್‌ಮೆಂಟ್ ತಯಾರಿಯ ಅಣಕು ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ಇಬ್ಬರು ಗೆಳೆಯರು ಐದರಿಂದ ಆರರ ನಡುವೆ ಬರುತ್ತಾರೆ, ಒಬ್ಬೊಬ್ಬರೂ 15 ನಿಮಿಷ ಕಾಯುತ್ತಾರೆ. ಭೇಟಿಯಾಗುವ ಸಂಭವನೀಯತೆ ಎಷ್ಟು? 60ರಲ್ಲಿ 15, ಅಂದರೆ ಕಾಲು ಭಾಗ ಎಂದು ಗುರುತು ಹಾಕಿ ಮುಂದೆ ಹೋದೆ. ತಪ್ಪು.

ಎಣಿಸಲಾಗದ ಕಡೆ ಅಳೆಯಬೇಕಿತ್ತು. ದಾಳಕ್ಕೆ ಆರು ಮುಖ, ಎಣಿಸಬಹುದು. ಒಂದು ಗಂಟೆಯೊಳಗಿನ ಕ್ಷಣಗಳನ್ನು ಎಣಿಸುವವರಾರು? ಟಿಪ್ಪು 1792ರಲ್ಲಿ ಕಟ್ಟಿಸಿದ ನಮ್ಮ ಮಂಜರಾಬಾದ್ ಕೋಟೆಯ ನಕ್ಷತ್ರದ ಸುತ್ತ ಒಂದು ವೃತ್ತ ಎಳೆಯಿರಿ. ವೃತ್ತದೊಳಗೆ ಎಲ್ಲೋ ಬೀಳುವ ಮಳೆಹನಿ ಕೋಟೆಯೊಳಗೇ ಬೀಳುವ ಸಂಭವನೀಯತೆ ಎಂದರೆ, ಕೋಟೆಯ ವಿಸ್ತೀರ್ಣವನ್ನು ವೃತ್ತದ ವಿಸ್ತೀರ್ಣದಿಂದ ಭಾಗಿಸಿದಷ್ಟು.

ಜೀಪಿನ ಲೆಕ್ಕಕ್ಕೂ ಅಂಥದೊಂದು ನೆಲ ಬೇಕು. ಅಡ್ಡಕ್ಕೆ ನಾನು ಬರುವ ನಿಮಿಷ, ಉದ್ದಕ್ಕೆ ಜೀಪು ಬರುವ ನಿಮಿಷ. ಚೌಕದ ವಿಸ್ತೀರ್ಣ 3600. ಒಳಗಿನ ಒಂದೊಂದು ಚುಕ್ಕಿಯೂ ಒಂದೊಂದು ಶನಿವಾರ. ಪರೀಕ್ಷೆಯ ಗೆಳೆಯರಂತೆ ನಾನೂ 15 ನಿಮಿಷಕ್ಕೆ ಆಸೆ ಬಿಟ್ಟರೆ, ವ್ಯತ್ಯಾಸ 15 ಮೀರಿದ ಚುಕ್ಕಿಗಳೆಲ್ಲ ಎದುರುಬದುರು ಮೂಲೆಗಳಲ್ಲಿ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. 45 ನಿಮಿಷದ ಬಾಹುಗಳ ಆ ಎರಡೂ ಸೇರಿ 2025. ಉಳಿದ 1575 ಭೇಟಿಯ ಭಾಗ: 7/16, ಸುಮಾರು ಶೇ 44. ಕಾಲು ಭಾಗವಲ್ಲ!

ಆದರೆ ನಾನು ಆಸೆ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಆರರವರೆಗೂ ಕಾಯುತ್ತೇನೆ. ಆಗ ನಾನು ಮೊದಲು ಬರುವ ಮೂಲೆಯ ತ್ರಿಭುಜ ಅಳಿಸಿಹೋಗುತ್ತದೆ. ಜೀಪು ಹೊರಟ ಮೇಲೆ ನಾನು ಇಳಿಯುವ ಮೂಲೆಯಷ್ಟೇ ಬಾಕಿ, 1012.5. ಜೀಪು ಸಿಗುವ ಸಂಭವನೀಯತೆ ಸುಮಾರು ಶೇ 72. ಜೀಪು ಇನ್ನೈದು ನಿಮಿಷ ನಿಂತರೆ ಆ ತ್ರಿಭುಜ 800ಕ್ಕೆ ಇಳಿದು, ಶೇ 78 ಆಗುತ್ತದೆ.

ಇದೆಲ್ಲ ಪ್ರತಿ ಚುಕ್ಕಿಗೂ ಸಮಾನ ಅವಕಾಶವಿದ್ದರೆ ಮಾತ್ರ. ಜೋರು ಮಳೆಗೆ ಬಸ್ಸು ಆರರ ಕಡೆಗೆ ಜರುಗುತ್ತದೆ. ಚುಕ್ಕಿಗಳು ನನ್ನ ಸೋಲಿನ ಮೂಲೆಯತ್ತಲೇ ಗುಂಪುಗೂಡುತ್ತವೆ. ಪರೀಕ್ಷೆಯಲ್ಲಿ ಮಳೆ ಬರುವುದಿಲ್ಲ, ಅದೊಂದು ಅನುಕೂಲ.

ಚೌಕ ಬರೆದ ಹಾಳೆಯನ್ನು ಡ್ರೈವರಣ್ಣನಿಗೆ ತೋರಿಸಿದೆ. ಹಾಳೆ ನೋಡದೆಯೇ ಅಂದರು: ‘ಮಳೆಗಾಲ ಮುಗಿಯೋ ತನಕ ಇಪ್ಪತ್ತು ನಿಮಿಷ ನಿಲ್ಲಿಸ್ತೀನಿ. ಆದ್ರೆ ಹಿಂದೆ ಗೊಬ್ಬರದ ಚೀಲದ ಮೇಲೆ ಕೂರಬೇಕು, ನೋಡು.’