ಹೋದ ಹಣ, ಉಳಿದ ಮಾನ

ಊರಿನಿಂದ ಮುಂಬಯಿಗೆ ಬಂದ ಹೊಸದರಲ್ಲಿ ಹಿರಿಯರು ನಮಗೆ ಕಲಿಸುವ ಮೊದಲ ಪಾಠ ಒಂದುಂಟು: ದಾದರಿನಲ್ಲಿ ಗಾಡಿ ಇಳಿಯುವಾಗ ಒಂದು ಕೈ ಜೇಬಿನ ಮೇಲಿರಲಿ. ಆದರೆ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತವರ ಜೇಬಿಗೇ ಕೈಹಾಕುವ ಕಳ್ಳ ಬಂದಾನೆಂದು ಆ ಹಿರಿಯರೂ ಎಣಿಸಿರಲಿಲ್ಲ.

ಇದು ಅವರಿವರಿಂದ ಕೇಳಿದ ಮಾತಲ್ಲ. ಕಳೆದ ವರ್ಷ ದೀಪಾವಳಿಗೆ ಮುಂಚೆ, ಡೊಂಬಿವಲಿಯ ನಮ್ಮ ಮನೆಯಲ್ಲೇ ನಡೆದ ಸಂಗತಿ. ಇದನ್ನು ಬರೆಯಲು ಅಪ್ಪಣೆ ಕೊಟ್ಟವರು ಸ್ವತಃ ನಮ್ಮ ಮಾವನವರು.

ಮಾವನವರಿಗೆ ಈಗ 71 ವರ್ಷ. ಧಾರವಾಡದ ಕಡೆಯವರು, ಮುಂಬಯಿಯ ಕಂಪನಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ನಿತ್ಯ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಊರಿನ ಪತ್ರಿಕೆ ಓದುವುದು ಅವರ ಪರಿಪಾಠ. ಅಂದು ಮೂರು ಗಂಟೆಯ ಸುಮಾರಿಗೆ ಪರದೆ ಹಠಾತ್ತನೆ ಕೆಂಪಾಗಿ, ಭೋಂ ಎಂದು ಕೂಗತೊಡಗಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ನಂಬರಿಗೆ ಫೋನು ಮಾಡಿ' ಎಂದು ದೊಡ್ಡ ಅಕ್ಷರಗಳು. ಗಾಬರಿಯಾದ ಅವರು ಫೋನು ಮಾಡಿದರು.

ಅತ್ತ ಮಾತಾಡಿದವನು ಬಹಳ ವಿನಯಶಾಲಿ. ಹೆಸರಾಂತ ಕಂಪನಿಯ ಇಂಜಿನಿಯರನೆಂದು ಹೇಳಿಕೊಂಡ. ಒಂದು ಸಣ್ಣ ಪ್ರೋಗ್ರಾಮನ್ನು ಕಂಪ್ಯೂಟರಿಗೂ ಮೊಬೈಲಿಗೂ ಹಾಕಿಸಿದ. ಅದು ನಮ್ಮ ಪರದೆಯನ್ನು ಅವನ ಕಣ್ಣೆದುರಿಗಿಡುವ ಸಾಧನ. ಆಮೇಲೆ ಕೆಂಪು ಗುರುತುಗಳ ಉದ್ದನೆಯ ಪಟ್ಟಿಯೊಂದನ್ನು ತೆರೆದು, 'ನೋಡಿ ಸರ್, ಎಷ್ಟು ದೋಷ!' ಎಂದ. ಅದು ಕಂಪ್ಯೂಟರು ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ. ನೆಟ್ಟಗಿರುವ ಯಂತ್ರದಲ್ಲೂ ಅಂಥ ಗುರುತುಗಳಿರುತ್ತವೆ. ಕೊನೆಗೆ ದುರಸ್ತಿಗೆಂದು 499 ರೂಪಾಯಿ ಕೇಳಿದ. ಅದನ್ನು ಕಟ್ಟಲು ಮಾವನವರು ಬ್ಯಾಂಕಿನ ಖಾತೆ ತೆರೆದಾಗ ಗುಪ್ತಪದವನ್ನೂ ಓಟಿಪಿಯನ್ನೂ ಅವನು ಕುಳಿತಲ್ಲಿಂದಲೇ ಕಂಡುಕೊಂಡ. ಎರಡು ಕಂತಿನಲ್ಲಿ 86,000 ರೂಪಾಯಿ ಹೋಯಿತು. ಅದು ಅತ್ತೆಯವರ ಕಣ್ಣಿನ ಶಸ್ತ್ರಕ್ರಿಯೆಗೆಂದು ತೆಗೆದಿಟ್ಟ ಹಣ.

ಇದಕ್ಕಿಂತ ದೊಡ್ಡ ನಷ್ಟ ಮುಂದಿನದು. ನಾನು ಕಚೇರಿಯಿಂದ ಬಂದಾಗ ಏಳೂವರೆ. ಮಾವನವರು ಕತ್ತಲಲ್ಲಿ ಕುಳಿತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲವೆಂದರು. ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟರು: "ಜನ್ಮಾದಾಗ ಒಂದು ರೂಪಾಯಿ ಲೆಕ್ಕ ತಪ್ಪಿದಾಂವ ಅಲ್ಲ. ಇವತ್ತು ಒಂದು ತಾಸಿನಾಗ ಎಲ್ಲಾ ಕಳಕೊಂಡೆ. ಅಳಿಯಂದಿರಿಗೆ ಹೆಂಗ ಮುಖ ತೋರಿಸಲಿ?"

ಆಗ ಗಂಟೆ ಎಂಟೂವರೆ. ನಾಚಿಕೆಯಿಂದ ನಾಲ್ಕು ತಾಸು ಕಳೆದುಹೋಗಿತ್ತು.

ಗುಮಾಸ್ತನಾದ ನನಗೆ ಗೊತ್ತಿರುವ ವಿದ್ಯೆ ಕಾಗದ-ಪತ್ರದ್ದೊಂದೇ. ಮೊದಲು ಕಂಪ್ಯೂಟರಿನ, ಮಾವನವರ ಮೊಬೈಲಿನ ಇಂಟರ್ನೆಟ್ ಕಡಿದೆವು. ನನ್ನ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯನ್ನೂ ಕಾರ್ಡನ್ನೂ ತಡೆಹಿಡಿಸಿದೆವು. ಬಳಿಕ ಕೇಂದ್ರ ಸರಕಾರದ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದುಕೊಂಡೆವು. ಇದೇ ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲಿಯೂ ಕೊಡಬಹುದು. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಅಲ್ಲಿಂದ ಸುದ್ದಿ ಮುಟ್ಟಿ, ಉಳಿದಿದ್ದ ಮೊತ್ತವನ್ನು ಅಲ್ಲಿಯೇ ಕಟ್ಟಿಹಾಕುತ್ತಾರೆ. ಕಳ್ಳನು ಅದನ್ನು ಖಾತೆಯಿಂದ ಖಾತೆಗೆ ಓಡಿಸುವ ಮೊದಲೇ ನಾವು ಮುಟ್ಟಬೇಕು.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೂ ಇದನ್ನೇ ಸಾರಿತು. ಗುಟ್ಟಿನ ವಿವರ ಗ್ರಾಹಕನ ಕೈಯಿಂದಲೇ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನದು ಬ್ಯಾಂಕಿನದು. ಪರದೆ ಹಂಚುವ ಇಂಥ ಪ್ರೋಗ್ರಾಮುಗಳ ವಿಷಯದಲ್ಲಿಯೂ ಅದು 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು.

ಮರುದಿನ ಪೊಲೀಸ್ ಠಾಣೆಗೆ ಲಿಖಿತ ದೂರು, ಬೇರೆ ಯಂತ್ರದಿಂದ ಎಲ್ಲ ಗುಪ್ತಪದಗಳ ಬದಲಾವಣೆ, ಕಂಪ್ಯೂಟರಿನ ಸಮಗ್ರ ಶುದ್ಧಿ. ಮೊದಲ ಕಂತಿನ 52,000 ಸಂಜೆಯೇ ಕೈಬಿಟ್ಟು ಹೋಗಿತ್ತು. ಎರಡನೆಯ ಕಂತಿನ 34,000 ಸಿಕ್ಕಿಬಿತ್ತು. ನ್ಯಾಯಾಲಯದ ಅಪ್ಪಣೆಯಾಗಿ ಅದು ಕೈಸೇರಲು ಐದು ತಿಂಗಳು ಹಿಡಿಯಿತು. ಈ ನಡುವೆ ಇನ್ನೊಬ್ಬ ಮಹಾಶಯನು ಫೋನು ಮಾಡಿ, 2,000 ಶುಲ್ಕ ಕೊಟ್ಟರೆ ಹೋದದ್ದನ್ನೆಲ್ಲ ಮರಳಿ ಕೊಡಿಸುವೆನೆಂದ. ಅವನೂ ಅದೇ ಗರಡಿಯವನು. ಒಮ್ಮೆ ಮೋಸಹೋದವರ ಹೆಸರು ಇಂಥವರ ಕೈಗೆ ಬೀಳುವುದುಂಟು.

ಮೋಸಹೋದವರು ದಡ್ಡರೆಂದು ತಿಳಿಯಬೇಡಿ. 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ನಮ್ಮದೇ ಉಪನಗರವಾದ ಮೀರಾ ರೋಡಿನಲ್ಲಿ ಕಾಲ್‌ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಹೆಚ್ಚು ಮಂದಿಯನ್ನು ವಶಕ್ಕೆ ತೆಗೆದುಕೊಂಡರು. ಅಲ್ಲಿಂದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಮೆರಿಕದವರನ್ನು ಫೋನಿನಲ್ಲಿ ಬೆದರಿಸಿ ಹಣ ಕೀಳುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಸಿಬಿಐ ದೇಶದ 76 ಕಡೆ ಶೋಧ ನಡೆಸಿದಾಗ, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ದೂರಿನ ಮೇಲೆ ಹಿಡಿದದ್ದು ಇಂಥದೇ ತಾಂತ್ರಿಕ ನೆರವಿನ ಸೋಗು. ಪಾಠ ಬರೆದುಕೊಟ್ಟು, ಸಂಬಳ ಕೊಟ್ಟು ನಡೆಸುವ ಈ ದಂಧೆಯೆದುರು ಒಂಟಿ ವೃದ್ಧರೊಬ್ಬರು ಸೋತರೆ ಅದರಲ್ಲಿ ಅವಮಾನವೇನು?

ಆ ಪರದೆಯನ್ನು ಮುಚ್ಚಿಬಿಟ್ಟರೆ ಸಾಕಿತ್ತು. ಆಗದಿದ್ದರೆ ಕಂಪ್ಯೂಟರನ್ನೇ ಆರಿಸಬಹುದಿತ್ತು. ನಿಜವಾದ ಕಂಪನಿಯ ಎಚ್ಚರಿಕೆಯಲ್ಲಿ ಫೋನು ನಂಬರು ಇರುವುದಿಲ್ಲ. ಈ ಮಾತನ್ನು ಅವರಿಗೆ ಮೊದಲೇ ಹೇಳದಿದ್ದ ತಪ್ಪು ನನ್ನದು. ಬೆಳಿಗ್ಗೆ ಗಾಡಿ ಹಿಡಿಯುವ ಧಾವಂತದಲ್ಲಿ, ದಿನವಿಡೀ ಮನೆಯಲ್ಲಿರುವ ಹಿರಿಯರಿಗೆ ಹೊಸ ಯಂತ್ರ ಕೊಟ್ಟೆವೇ ಹೊರತು ಅದರ ಅಪಾಯ ತಿಳಿಸಲಿಲ್ಲ. ನಮ್ಮ ವಾಚಕ ಬಂಧುಗಳು ಬರುವ ಭಾನುವಾರ ಅರ್ಧ ತಾಸು ಇದಕ್ಕೆಂದು ಎತ್ತಿಡಲೆಂದು ನನ್ನ ಪ್ರಾರ್ಥನೆ.

ಅತ್ತೆಯವರ ಶಸ್ತ್ರಕ್ರಿಯೆ ಫೆಬ್ರುವರಿಯಲ್ಲಿ ಸುಸೂತ್ರವಾಗಿ ಆಯಿತು. ನನ್ನ ಭವಿಷ್ಯನಿಧಿಯಿಂದ ಸ್ವಲ್ಪ ತೆಗೆಯಬೇಕಾಯಿತು, ಅಷ್ಟೆ. ಮಾವನವರು ಬಹುದಿನ ಫೋನು ಮುಟ್ಟಲಿಲ್ಲ. ಒಂದು ದಿನ ಪಕ್ಕದ ಕಟ್ಟಡದ ಹಿರಿಯರೊಬ್ಬರಿಗೂ ಅಂಥದೇ ಕೆಂಪು ಪರದೆ ಕಂಡಿತು. ಮೋಸದ ಸುದ್ದಿ ಕೇಳಿದ್ದ ಅವರು ನೆಟ್ಟಗೆ ನಮ್ಮ ಮನೆಗೇ ಬಂದರು. ಮಾವನವರು ಚಪ್ಪಲಿ ಮೆಟ್ಟಿ ಅವರೊಡನೆ ಹೋಗಿ, ಕಂಪ್ಯೂಟರು ಆರಿಸಿ ಬಂದರು. ಆ ರಾತ್ರಿ ಊಟಕ್ಕೆ ಕರೆಯಬೇಕಾಗಲಿಲ್ಲ. ಈಗ ನಮ್ಮ ಪಡಸಾಲೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಅವರ ದುಂಡು ಅಕ್ಷರದಲ್ಲಿ ಬರೆದ ಚೀಟಿಯಿದೆ: '1930. ಮೊದಲು ಮನ್ಯಾಗ ಹೇಳ್ರಿ.'